ಪ್ಯಾರಾಗ್ಲೈಡಿಂಗ್: ಮೊದಲ ಸಲ ಹಾರುವವರು ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ?

ನಿಮ್ಮ ಫೋನಿಗೂ ಈ ಎರಡು ವಿಡಿಯೋಗಳು ಬಂದಿರಬಹುದು.

ಮೊದಲನೆಯದು ಮನಾಲಿಯದು. 2019ರಲ್ಲಿ ಇದು ದೇಶದ ತುಂಬ ಓಡಾಡಿತು. ಪ್ಯಾರಾಗ್ಲೈಡಿಂಗ್‌ಗೆ ಹೋದ ಪ್ರವಾಸಿಯೊಬ್ಬ ಸೆಲ್ಫಿ ಸ್ಟಿಕ್ ಹಿಡಿದುಕೊಂಡೇ ಹೆದರಿ ಕಿರುಚುತ್ತಾನೆ. ಬೇಕಾದರೆ ನೂರಿನ್ನೂರು ಹೆಚ್ಚಿಗೆ ತಗೋ, ಮೊದಲು ಕೆಳಗಿಳಿಸು ಅಂತ ಪೈಲಟ್‌ಗೆ ಗೋಗರೆಯುತ್ತಾನೆ. ನೋಡಿದವರೆಲ್ಲ ಬಿದ್ದು ಬಿದ್ದು ನಕ್ಕರು.

ಎರಡನೆಯದು 2018ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದದ್ದು. ರಜೆಗೆ ಹೋದ ಅಮೆರಿಕದ ಪ್ರವಾಸಿಯೊಬ್ಬ ಜೀವನದಲ್ಲಿ ಮೊದಲ ಸಲ ಹ್ಯಾಂಗ್ ಗ್ಲೈಡಿಂಗ್ ಮಾಡಲು ಹೊರಟ. ಪೈಲಟ್ ಜೊತೆ ಓಡಿ ಬೆಟ್ಟದಿಂದ ಹಾರಿಯೂ ಬಿಟ್ಟ. ಹಾರಿದ ಮೇಲೆ ಗೊತ್ತಾಯಿತು, ಅವನನ್ನು ಗ್ಲೈಡರ್‌ಗೆ ಕ್ಲಿಪ್ ಹಾಕಿ ಸೇರಿಸುವುದನ್ನೇ ಪೈಲಟ್ ಮರೆತಿದ್ದ! 2 ನಿಮಿಷಕ್ಕೂ ಹೆಚ್ಚು ಹೊತ್ತು ಆತ ಬರೀ ಕೈಗಳ ಬಲದಲ್ಲಿ ಜೋತಾಡಿದ. ಮಣಿಕಟ್ಟು ಮುರಿಯಿತು, ತೋಳಿನ ಸ್ನಾಯುರಜ್ಜು ಹರಿಯಿತು. ಜೀವ ಉಳಿದದ್ದೇ ದೊಡ್ಡದು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮನಾಲಿಯವನು ಜೀವ ಹೋದವನಂತೆ ಕಿರುಚಿದ, ಆದರೆ ಅವನು ಪೈಲಟ್ ಜೊತೆ ಬೆಲ್ಟ್ ಹಾಕಿಕೊಂಡು ಭದ್ರವಾಗಿ ಕೂತಿದ್ದ. ಸ್ವಿಟ್ಜರ್ಲೆಂಡಿನವನಿಗೆ ಹಾರುವ ಕ್ಷಣದವರೆಗೆ ಏನೂ ಗೊತ್ತಿರಲಿಲ್ಲ, ಆದರೆ ಅವನ ಜೀವ ಕಾಯಬೇಕಾದ ಕೊಂಡಿಯೇ ಬಿಟ್ಟುಹೋಗಿತ್ತು. ಅಂದರೆ ಭಯ ಎಷ್ಟಾಗುತ್ತಿದೆ ಎನ್ನುವುದು ಅಪಾಯ ಎಷ್ಟಿದೆ ಎನ್ನುವುದರ ಅಳತೆ ಅಲ್ಲ.

ರಜೆ ಬಂತೆಂದರೆ ನಮ್ಮ ಊರುಗಳಿಂದ ಹಿಮಾಚಲಕ್ಕೆ ಹೋಗುವವರು ಬಹಳ ಮಂದಿ. ಜೊತೆಗೇ ಪ್ಯಾರಾಗ್ಲೈಡಿಂಗ್ ಬಗ್ಗೆ ಬಗೆಬಗೆಯ ಫಾರ್ವರ್ಡ್‌ಗಳೂ ಬರುತ್ತವೆ. ನಾವೂ ಒಂದು ನವೆಂಬರ್‌ನಲ್ಲಿ ಹಿಮಾಚಲದ ಕಾಂಗ್ಡಾ ಜಿಲ್ಲೆಯ ಬೀರ್‌ಗೆ ಹೋಗಿ ಮೊದಲ ಸಲ ಹಾರಿ ಬಂದೆವು. ಅಲ್ಲಿ ಕಂಡದ್ದು, ಅದರ ಹಿಂದಿನ ವಿಜ್ಞಾನ, ಫಾರ್ವರ್ಡ್‌ಗಳಲ್ಲಿ ಯಾವುದು ನಿಜ ಯಾವುದು ಸುಳ್ಳು, ಎಲ್ಲವನ್ನೂ ಇಲ್ಲಿ ಬಿಡಿಸಿ ಹೇಳುತ್ತೇವೆ.

ಮೊದಲು ಹೆಸರುಗಳ ಗೊಂದಲ

ಗೋವಾ, ಮಲ್ಪೆಯ ಕಡಲತೀರಗಳಲ್ಲಿ ದೋಣಿಗೆ ಹಗ್ಗ ಕಟ್ಟಿ, ದೊಡ್ಡ ಪ್ಯಾರಾಚೂಟ್‌ನಲ್ಲಿ ಎಳೆದುಕೊಂಡು ಹೋಗುತ್ತಾರಲ್ಲ, ಅದು ಪ್ಯಾರಾಸೇಲಿಂಗ್. ಅಲ್ಲಿ ಎಳೆಯುವುದು ದೋಣಿ.

ಬೆನ್ನಿಗೆ ಫ್ಯಾನ್ ಇರುವ ಎಂಜಿನ್ ಕಟ್ಟಿಕೊಂಡು ಹಾರುವುದು ಪ್ಯಾರಾಮೋಟರ್. ವಿಮಾನದಿಂದ ಜಿಗಿದು, ಒಂದಷ್ಟು ದೂರ ಬಿದ್ದ ಮೇಲೆ ಪ್ಯಾರಾಚೂಟ್ ಬಿಚ್ಚುವುದು ಸ್ಕೈಡೈವಿಂಗ್. ಕೊಳವೆ ಚೌಕಟ್ಟಿನ ತ್ರಿಕೋನಾಕಾರದ ರೆಕ್ಕೆಯ ಕೆಳಗೆ ಮಲಗಿಕೊಂಡು ಹಾರುವುದು ಹ್ಯಾಂಗ್ ಗ್ಲೈಡಿಂಗ್.

ಪ್ಯಾರಾಗ್ಲೈಡಿಂಗ್‌ನಲ್ಲಿ ದೋಣಿ ಇಲ್ಲ, ಎಂಜಿನ್ ಇಲ್ಲ, ಗಟ್ಟಿ ಚೌಕಟ್ಟೂ ಇಲ್ಲ. ಇರುವುದು ಬಟ್ಟೆಯ ರೆಕ್ಕೆ, ಒಂದಷ್ಟು ದಾರಗಳು, ಕೂರಲು ಹಾರ್ನೆಸ್, ಅಷ್ಟೆ. ಪ್ರವಾಸಿಗರನ್ನು ಕರೆದೊಯ್ಯುವ ಹಾರಾಟಕ್ಕೆ ಟ್ಯಾಂಡಮ್ ಎನ್ನುತ್ತಾರೆ. ನೀವು ಮುಂದೆ, ಪೈಲಟ್ ನಿಮ್ಮ ಬೆನ್ನ ಹಿಂದೆ.

ಎಂಜಿನ್ ಇಲ್ಲದೆ ಬಟ್ಟೆ ಹಾರುವುದು ಹೇಗೆ?

ನೆಲದ ಮೇಲೆ ಹರಡಿದಾಗ ಅದು ದೊಡ್ಡ ಜಮಖಾನೆಯಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಎರಡು ಪದರದ ನೈಲಾನ್ ಬಟ್ಟೆ, ನಡುವೆ ಸಾಲುಸಾಲು ಗೂಡುಗಳು. ಗೂಡುಗಳ ಬಾಯಿ ಮುಂದಕ್ಕೆ ತೆರೆದಿರುತ್ತದೆ. ಪೈಲಟ್ ಮತ್ತು ನೀವು ಇಳಿಜಾರಿನಲ್ಲಿ ಓಡಿದಾಗ ಆ ಬಾಯಿಗಳಿಂದ ಗಾಳಿ ನುಗ್ಗಿ ಬಟ್ಟೆ ಉಬ್ಬುತ್ತದೆ, ವಿಮಾನದ ರೆಕ್ಕೆಯ ಆಕಾರ ಪಡೆಯುತ್ತದೆ. ಆ ರೆಕ್ಕೆ ಮುಂದೆ ಚಲಿಸುತ್ತಾ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ.

ಮುಂದೆ ಚಲಿಸಲು ಬಲ ಎಲ್ಲಿಂದ? ಭೂಮಿಯ ಗುರುತ್ವದಿಂದ. ಮಕ್ಕಳು ಜಾರುಬಂಡೆಯಲ್ಲಿ ಜಾರುವಂತೆ ಗ್ಲೈಡರ್ ಗಾಳಿಯಲ್ಲಿ ನಿಧಾನವಾಗಿ ಕೆಳಕ್ಕೆ ಜಾರುತ್ತಲೇ ಇರುತ್ತದೆ. ಒಂದು ಮೀಟರ್ ಕೆಳಗಿಳಿಯುವಷ್ಟರಲ್ಲಿ ಸುಮಾರು ಎಂಟೊಂಬತ್ತು ಮೀಟರ್ ಮುಂದೆ ಹೋಗಿರುತ್ತದೆ. ವೇಗ ಗಂಟೆಗೆ 35ರಿಂದ 40 ಕಿ.ಮೀ., ಊರೊಳಗೆ ಸ್ಕೂಟರ್ ಓಡಿಸುವಷ್ಟು.

ಬೀರ್‌ನ ಲೆಕ್ಕವನ್ನೇ ಹಾಕೋಣ. ಹಾರುವ ಜಾಗದ ಹೆಸರು ಬಿಲ್ಲಿಂಗ್, ಸಮುದ್ರಮಟ್ಟದಿಂದ ಸುಮಾರು 2400 ಮೀಟರ್. ಇಳಿಯುವ ಜಾಗ ಬೀರ್, ಸುಮಾರು 1400 ಮೀಟರ್. ನಡುವಿನ ಇಳಿತ 1000 ಮೀಟರ್. ಗ್ಲೈಡರ್ ಸೆಕೆಂಡಿಗೆ ಒಂದು ಮೀಟರ್‌ಗಿಂತ ತುಸು ಹೆಚ್ಚು ಇಳಿಯುತ್ತದೆ ಎಂದುಕೊಂಡರೆ, ಗಾಳಿ ಏನೂ ಸಹಾಯ ಮಾಡದಿದ್ದರೂ ಸುಮಾರು 15 ನಿಮಿಷ ಆಕಾಶದಲ್ಲಿರಬಹುದು.

ಹಾಗಿದ್ದರೆ ಕೆಲವರು ಗಂಟೆಗಟ್ಟಲೆ ಹಾರುವುದು ಹೇಗೆ? ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಮೇಲೇಳುತ್ತದೆ. ಬೆಟ್ಟಕ್ಕೆ ಬಡಿದ ಗಾಳಿಯೂ ಮೇಲಕ್ಕೆ ತಿರುಗುತ್ತದೆ. ಗ್ಲೈಡರ್ ಇಳಿಯುವುದಕ್ಕಿಂತ ವೇಗವಾಗಿ ಆ ಗಾಳಿ ಏರುತ್ತಿದ್ದರೆ, ಗ್ಲೈಡರ್ ಕೂಡ ಅದರ ಜೊತೆ ಮೇಲೇರುತ್ತದೆ. ಮಧ್ಯಾಹ್ನ ಹದ್ದು, ಗರುಡಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಮೇಲೇರುವುದನ್ನು ನೋಡಿದ್ದೀರಲ್ಲ, ಅದೇ ಉಪಾಯ. ಧೌಲಾಧಾರ್ ಬೆಟ್ಟಸಾಲಿನ ಮಗ್ಗುಲಲ್ಲಿರುವ ಬೀರ್‌ನಲ್ಲಿ ಇಂಥ ಏರುಗಾಳಿ ಚೆನ್ನಾಗಿ ಸಿಗುತ್ತದೆ. 2015ರ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ಕೂಡ ಇಲ್ಲೇ ನಡೆದಿತ್ತು.

ಈಗ ಫಾರ್ವರ್ಡ್‌ಗಳಿಗೆ ಬರೋಣ.

"ಎತ್ತರದಿಂದ ಬಿದ್ದರೆ ನೆಲ ಮುಟ್ಟುವ ಮೊದಲೇ ಹೃದಯ ನಿಲ್ಲುತ್ತದೆ"

ಸುಳ್ಳು. ಇದು ಹಳೆಯ ನಂಬಿಕೆ. ಇದು ನಿಜವಾಗಿದ್ದರೆ ಸ್ಕೈಡೈವಿಂಗ್ ಎಂಬ ಕ್ರೀಡೆಯೇ ಇರುತ್ತಿರಲಿಲ್ಲ. ಸ್ಕೈಡೈವಿಂಗ್ ಮಾಡುವವರು ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿ ಬೀಳುತ್ತಾ, ಎಚ್ಚರವಾಗಿಯೇ ಇದ್ದು, ತಾವೇ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತಾರೆ.

ಭಯವಾದಾಗ ಅಡ್ರಿನಲಿನ್ ಹಾರ್ಮೋನು ಏರುತ್ತದೆ. ಎದೆ ಡವಡವ ಎನ್ನುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ಆರೋಗ್ಯವಂತರಲ್ಲಿ ಇದು ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆದರೆ ಹೃದಯದ ತೊಂದರೆ ಇರುವವರು, ಹತೋಟಿಗೆ ಬಾರದ ಬಿ.ಪಿ. ಇರುವವರು, ಇತ್ತೀಚೆಗೆ ಆಪರೇಷನ್ ಆದವರು, ಬೆನ್ನು ಅಥವಾ ಮಂಡಿ ನೋವಿನವರು ವೈದ್ಯರನ್ನು ಕೇಳದೆ ಹಾರಬಾರದು. ಗರ್ಭಿಣಿಯರು ಹಾರಲೇಬಾರದು. ಅಲ್ಲಿ ಕೊಡುವ ಫಾರಂನಲ್ಲಿ ಕಾಯಿಲೆ ಮುಚ್ಚಿಟ್ಟರೆ ನಷ್ಟ ನಿಮಗೇ.

"ಟೆರೇಸ್ ಅಂಚಿಗೆ ಹೋದರೆ ತಲೆ ತಿರುಗುತ್ತೆ, ನನ್ನಿಂದಾಗದು"

ಹಾಗೆಂದು ಮೊದಲೇ ತೀರ್ಮಾನಿಸಬೇಡಿ. ಟೆರೇಸ್ ಅಂಚಿನಲ್ಲಿ ನಿಂತಾಗ ಕಾಲ ಕೆಳಗಿನ ಗೋಡೆ ನೆಲದವರೆಗೆ ಇಳಿದದ್ದು ಕಾಣುತ್ತದೆ. ಬ್ಯಾಲೆನ್ಸ್ ಮಾಡುವ ಹೊಣೆಯೂ ನಿಮ್ಮದೇ. ಹಾರುವಾಗ ಕೆಳಗೆ ಅಂಥ ಗೋಡೆ ಇಲ್ಲ, ನೀವು ಕೂತಿರುತ್ತೀರಿ. ಅದಕ್ಕೇ ಎತ್ತರಕ್ಕೆ ಹೆದರುವ ಕೆಲವರೂ ಆಕಾಶದಲ್ಲಿ ನಿರಾಳವಾಗಿರುತ್ತಾರೆ. ನಮ್ಮ ತಂಡದಲ್ಲಿ ಅತಿ ಹೆಚ್ಚು ಹೆದರಿದ್ದವರೇ ಇಳಿದ ಮೇಲೆ ಇನ್ನೊಮ್ಮೆ ಹೋಗೋಣವಾ ಎಂದು ಕೇಳಿದರು.

ಹೆಚ್ಚು ಕಾಡುವುದು ಭಯವಲ್ಲ, ಹೊಟ್ಟೆ ತೊಳೆಸುವುದು. ಗ್ಲೈಡರ್ ಸುತ್ತು ಹಾಕುವಾಗ ಕಿವಿಯೊಳಗಿನ ಸಮತೋಲನದ ಅಂಗ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಘಾಟಿ ರಸ್ತೆಯ ಬಸ್ಸಿನಲ್ಲಿ ವಾಂತಿ ಬರುವುದೂ ಇದೇ ಕಾರಣಕ್ಕೆ. ಹೊಟ್ಟೆ ಬಿರಿಯ ಪರೋಟ ತಿಂದು ಹೋಗಬೇಡಿ, ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ಕ್ಯಾಮೆರಾ ಪರದೆ ಬಿಟ್ಟು ದೂರದ ಬೆಟ್ಟ ನೋಡಿ. ಗಿರಗಿರ ಸುತ್ತಿಸುವುದು ಬೇಡವಾದರೆ ಹಾರುವ ಮೊದಲೇ ಪೈಲಟ್‌ಗೆ ಹೇಳಿ. "ಭಯ್ಯಾ, ಸ್ಟಂಟ್ ನಹೀಂ" ಎಂದರೆ ಸಾಕು, ಅರ್ಥವಾಗುತ್ತದೆ.

"ಗಾಳಿ ಜೋರಾಗಿದ್ದಷ್ಟೂ ಚೆನ್ನಾಗಿ ಹಾರಬಹುದು"

ಸುಳ್ಳು, ಅಪಾಯಕಾರಿ ಸುಳ್ಳು. ಗಾಳಿಪಟದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗಾಳಿಪಟಕ್ಕೆ ಹಿಡಿದುಕೊಳ್ಳಲು ದಾರ ಇದೆ, ಗ್ಲೈಡರ್‌ಗೆ ಇಲ್ಲ.

ಸರಳ ಗಣಿತ ನೋಡಿ. ಗ್ಲೈಡರ್‌ನ ವೇಗ ಗಂಟೆಗೆ 38 ಕಿ.ಮೀ. ಎಂದಿಟ್ಟುಕೊಳ್ಳಿ. ಎದುರಿನಿಂದ 15 ಕಿ.ಮೀ. ಗಾಳಿ ಬಂದರೆ ನೆಲದ ಲೆಕ್ಕದಲ್ಲಿ ನೀವು 23 ಕಿ.ಮೀ. ವೇಗದಲ್ಲಿ ಮುಂದೆ ಹೋಗುತ್ತೀರಿ. ಗಾಳಿ 38 ಆದರೆ ನಿಂತಲ್ಲೇ ನಿಲ್ಲುತ್ತೀರಿ. 45 ಆದರೆ ಹಿಂದಕ್ಕೆ ಹೋಗುತ್ತೀರಿ, ಹಿಂದೆ ಬೆಟ್ಟವಿದೆ! ಬೆಟ್ಟ ದಾಟಿದ ಗಾಳಿ ಆ ಕಡೆ ಸುಳಿಸುಳಿಯಾಗಿ ಕೆಳಗೆ ಬೀಳುತ್ತದೆ. ಸೇತುವೆಯ ಕಂಬ ದಾಟಿದ ಹೊಳೆ ನೀರು ಸುಳಿಯಾಗುವಂತೆ. ಆ ಸುಳಿಗೆ ಸಿಕ್ಕಿದ ಗ್ಲೈಡರ್ ಹತೋಟಿ ತಪ್ಪುತ್ತದೆ.

ಆದ್ದರಿಂದ "ಇವತ್ತು ಗಾಳಿ ಸರಿಯಿಲ್ಲ, ಕಾಯಬೇಕು" ಎನ್ನುವ ಪೈಲಟ್ ಮೇಲೆ ಸಿಟ್ಟಾಗಬೇಡಿ, ಅವನು ನಿಮ್ಮ ಜೀವ ಉಳಿಸುತ್ತಿದ್ದಾನೆ. "ನಾಳೆ ಬೆಳಿಗ್ಗೆ ನಮಗೆ ಬಸ್ ಇದೆ, ಹೇಗಾದರೂ ಮಾಡಿ" ಎಂದು ಒತ್ತಾಯಿಸಬೇಡಿ. ಪ್ರವಾಸದಲ್ಲಿ ಹಾರಾಟವನ್ನು ಕೊನೆಯ ದಿನಕ್ಕೆ ಇಡದೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಬೀರ್‌ನಲ್ಲಿ ನಮ್ಮ ನಮ್ಮ ಬೈಲಕುಪ್ಪೆಯಂತೆಯೇ ಟಿಬೆಟಿಯನ್ನರ ವಸಾಹತು ಇದೆ, ಮಠಗಳಿವೆ. ಕಾಯುವ ದಿನ ವ್ಯರ್ಥವಾಗುವುದಿಲ್ಲ.

ನಡು ಮಧ್ಯಾಹ್ನ ಬಿಸಿಗಾಳಿ ಜೋರಾಗಿ ಏಳುವುದರಿಂದ ಹಾರಾಟ ಹೆಚ್ಚು ಕುಲುಕುತ್ತದೆ. ಮೊದಲ ಸಲದವರಿಗೆ ಬೆಳಿಗ್ಗೆ ಅಥವಾ ಬಿಸಿಲು ಇಳಿದ ಹೊತ್ತು ಹಿತ. ಮಳೆಗಾಲದಲ್ಲಿ, ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ, ಹಿಮಾಚಲದಲ್ಲಿ ಪ್ಯಾರಾಗ್ಲೈಡಿಂಗ್‌ಗೆ ನಿಷೇಧವಿದೆ. ಆ ಸಮಯದಲ್ಲಿ ಯಾರಾದರೂ ಕಡಿಮೆ ದುಡ್ಡಿಗೆ ಹಾರಿಸುತ್ತೇನೆ ಎಂದರೆ ಹೋಗಬೇಡಿ.

"ರೆಕ್ಕೆ ಮಡಚಿಕೊಂಡರೆ ಕಲ್ಲಿನಂತೆ ಬೀಳುತ್ತಾರೆ"

ಅರ್ಧ ಸತ್ಯ. ಬಟ್ಟೆಯ ರೆಕ್ಕೆಯಾದ್ದರಿಂದ ಗಾಳಿ ಏರುಪೇರಾದಾಗ ಅದರ ಒಂದು ಭಾಗ ಮಡಚಿಕೊಳ್ಳುವುದುಂಟು. ಆಗಲೂ ಉಳಿದ ಭಾಗ ಹಾರುತ್ತಲೇ ಇರುತ್ತದೆ. ಎತ್ತರ ಸಾಕಷ್ಟಿದ್ದರೆ ಮಡಚಿದ ಭಾಗ ಹೆಚ್ಚಿನ ಸಲ ತಾನಾಗಿಯೇ ಅಥವಾ ಪೈಲಟ್ ದಾರ ಎಳೆದಾಗ ಮತ್ತೆ ಉಬ್ಬುತ್ತದೆ. ಉಬ್ಬದಿದ್ದರೆ ರಿಸರ್ವ್ ಪ್ಯಾರಾಚೂಟ್ ಎಸೆಯುತ್ತಾರೆ. ಅದು ತೆರೆದುಕೊಂಡು ಇಬ್ಬರನ್ನೂ ಇಳಿಸುತ್ತದೆ.

ಆದರೆ ಇವೆಲ್ಲಕ್ಕೂ ಸಮಯ ಬೇಕು, ಸಮಯಕ್ಕೆ ಎತ್ತರ ಬೇಕು. 500 ಮೀಟರ್ ಎತ್ತರದಲ್ಲಿ ರೆಕ್ಕೆ ಮಡಚಿದರೆ ಸರಿಪಡಿಸಲು ಅವಕಾಶವಿದೆ, 15 ಮೀಟರ್ ಎತ್ತರದಲ್ಲಿ ಇಲ್ಲ. ಅಂದರೆ ನಾವು ಅಂದುಕೊಂಡದ್ದಕ್ಕೆ ಪೂರ್ತಿ ಉಲ್ಟಾ! ಎದೆ ಝಲ್ಲೆನಿಸುವುದು ಎತ್ತರದಲ್ಲಿ, ಎಚ್ಚರ ಹೆಚ್ಚು ಬೇಕಾದ್ದು ನೆಲದ ಹತ್ತಿರ, ಹಾರುವಾಗ ಮತ್ತು ಇಳಿಯುವಾಗ. ಈ ಎರಡು ಹೊತ್ತಿನಲ್ಲಿ ನಿಮಗೂ ಕೆಲಸವಿದೆ.

ಹಾರುವಾಗ ಕೂರಬೇಡಿ, ಓಡಿ

ಮೊದಲ ಸಲದವರು ಮಾಡುವ ಸಾಮಾನ್ಯ ತಪ್ಪು ಇದು. ರೆಕ್ಕೆ ಮೇಲೆದ್ದು ಹಿಂದಕ್ಕೆ ಎಳೆದ ಕೂಡಲೇ, ಹಾರಿಬಿಟ್ಟೆವು ಎಂದುಕೊಂಡು ಕಾಲು ಮಡಚಿ ಕೂತುಬಿಡುತ್ತಾರೆ. ರೆಕ್ಕೆಗೆ ಇನ್ನೂ ವೇಗ ಬಂದಿರುವುದಿಲ್ಲ. ಇಬ್ಬರ ಓಟದಲ್ಲಿ ಒಬ್ಬರದು ನಿಂತುಹೋಗಿ, ನಿಮ್ಮ ಪೂರ್ತಿ ಭಾರ ಪೈಲಟ್ ಮೇಲೆ ಬಿದ್ದು, ಇಬ್ಬರೂ ಇಳಿಜಾರಿನಲ್ಲಿ ಉರುಳಬಹುದು. ಕಾಲಿಗೆ ನೆಲ ಸಿಗದೆ ಗಾಳಿಯಲ್ಲಿ ಓಡುವಂತಾದರೂ ಪೈಲಟ್ ಸಾಕು ಎನ್ನುವವರೆಗೆ ಓಡುತ್ತಲೇ ಇರಿ.

ಇಳಿಯುವಾಗ ಕಾಲು ಎತ್ತಬೇಕೋ, ನಿಂತು ನಾಲ್ಕು ಹೆಜ್ಜೆ ಓಡಬೇಕೋ ಎನ್ನುವುದು ಹಾರ್ನೆಸ್ ಮತ್ತು ಗಾಳಿಯನ್ನು ಅವಲಂಬಿಸಿರುತ್ತದೆ. ಯೂಟ್ಯೂಬ್‌ನಲ್ಲಿ ನೋಡಿದ್ದನ್ನು ಮಾಡಬೇಡಿ, ಪೈಲಟ್ ಹೇಳಿದ್ದನ್ನು ಮಾಡಿ. ಅವನ ಹಿಂದಿ ಅರ್ಥವಾಗದಿದ್ದರೆ ಹಾರುವ ಮೊದಲೇ ಕೈಸನ್ನೆಯಲ್ಲಾದರೂ ಮಾತಾಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ: ಕಾಲಿನ ಬೆಲ್ಟ್

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹಾರ್ನೆಸ್‌ನಲ್ಲಿ ಎರಡು ತೊಡೆಗಳಿಗೆ ಒಂದೊಂದು ಬೆಲ್ಟ್, ಎದೆಗೆ ಒಂದು ಬೆಲ್ಟ್ ಇರುತ್ತದೆ. ನೆಲದ ಮೇಲೆ ನಿಂತಾಗ ಹಾರ್ನೆಸ್‌ನ ಭಾರ ನಿಮ್ಮ ಭುಜದ ಮೇಲಿರುತ್ತದೆ, ಶಾಲೆಯ ಬ್ಯಾಗಿನಂತೆ. ಆಗ ತೊಡೆಯ ಬೆಲ್ಟ್ ಹಾಕಿದ್ದರೂ ಹಾಕದಿದ್ದರೂ ಅಷ್ಟೊಂದು ವ್ಯತ್ಯಾಸ ತಿಳಿಯುವುದಿಲ್ಲ. ಹಾರಿದ ಕ್ಷಣ ಎಲ್ಲ ತಿರುಗುತ್ತದೆ. ಈಗ ನಿಮ್ಮ ಭಾರ ಹಾರ್ನೆಸ್ ಮೇಲೆ. ತೊಡೆಯ ಬೆಲ್ಟ್ ಬಿಟ್ಟುಹೋಗಿದ್ದರೆ ದೇಹ ಕೆಳಕ್ಕೆ ಜಾರುತ್ತದೆ, ಕಂಕುಳಿನಲ್ಲಿ ಸಿಕ್ಕಿಕೊಂಡು ನೇತಾಡುತ್ತೀರಿ. ಸೀಟಿನಲ್ಲಿ ಕೂತಿರುವವರೆಗೆ ಗೊತ್ತಾಗದೆಯೂ ಇರಬಹುದು, ಇಳಿಯಲು ಎದ್ದು ನಿಂತಾಗ ಜಾರಬಹುದು. ಗಂಟೆಗಟ್ಟಲೆ ಹಾರಿದ ಅನುಭವಿ ಪೈಲಟ್‌ಗಳೂ ತಮ್ಮದೇ ಕಾಲಿನ ಬೆಲ್ಟ್ ಮರೆತು ಅಪಘಾತಕ್ಕೆ ಸಿಕ್ಕಿದ್ದಾರೆ. ಅದಕ್ಕೇ ಕಾಲಿನ ಬೆಲ್ಟ್ ಹಾಕದೆ ಎದೆಯ ಬೆಲ್ಟ್ ಹಾಕಲು ಆಗದಂಥ ಹಾರ್ನೆಸ್‌ಗಳೂ ಬಂದಿವೆ. ಆದರೆ ನಿಮಗೆ ಸಿಗುವುದು ಯಾವುದೋ ಹೇಳಲಾಗದು.

ಬಿಲ್ಲಿಂಗ್‌ನಲ್ಲಿ ನಮಗೇ ಇದು ಆಯಿತು. ಅಂದು ಜನ ಬಹಳ, ಒಂದರ ಹಿಂದೆ ಒಂದು ಗ್ಲೈಡರ್ ಹೊರಡುತ್ತಿತ್ತು. ಸಹಾಯಕ ಹುಡುಗ ನಮ್ಮಲ್ಲೊಬ್ಬರಿಗೆ ಹಾರ್ನೆಸ್ ತೊಡಿಸುತ್ತಿದ್ದ. ಎದೆಯ ಬೆಲ್ಟ್ ಹಾಕಿದ, ಎಡಗಾಲಿನದು ಹಾಕಿದ. ಅಷ್ಟರಲ್ಲಿ ಯಾರೋ ಕರೆದರು, ಅತ್ತ ಓಡಿದ. ಪೈಲಟ್ ರೆಕ್ಕೆ ಸರಿಪಡಿಸಿಕೊಂಡು ಬಂದು ಕೊಂಡಿ ಸಿಕ್ಕಿಸಿ, ಗಾಳಿ ಚೆನ್ನಾಗಿದೆ, ಹೊರಡೋಣ ಎಂದ. ಮೊದಲೇ ಓದಿಕೊಂಡು ಹೋಗಿದ್ದರಿಂದ ನಮ್ಮವರು ತೊಡೆ ಮುಟ್ಟಿ ನೋಡಿಕೊಂಡರು. ಬಲಗಾಲಿನ ಬಕಲ್ ಜೋತಾಡುತ್ತಿತ್ತು. "ಭಯ್ಯಾ, ಯೇ?" ಎಂದು ತೋರಿಸಿದರು. ಪೈಲಟ್ ಬೈಯಲಿಲ್ಲ, ಸಮಜಾಯಿಷಿ ಹೇಳಲಿಲ್ಲ. ಬಗ್ಗಿ ಬಕಲ್ ಹಾಕಿ, ಎಲ್ಲವನ್ನೂ ಮೊದಲಿನಿಂದ ಒಂದೊಂದಾಗಿ ಎಳೆದು ನೋಡಿದ. ಆಮೇಲೆ ಹಾರಿದರು. ಒಟ್ಟು ಹಿಡಿದದ್ದು ಅರ್ಧ ನಿಮಿಷ.

ಕೊನೆಯ ಗಳಿಗೆಯಲ್ಲಿ ಪೈಲಟ್ ಕೂಡ ನೋಡುತ್ತಿದ್ದನೇನೋ. ಆದರೆ ಅದು ನಮ್ಮ ಕೈಯಲ್ಲಿಲ್ಲ, ತೊಡೆ ಮುಟ್ಟಿ ನೋಡುವುದು ನಮ್ಮ ಕೈಯಲ್ಲಿದೆ. ಕೇಳಿದರೆ ಹೆದರುಪುಕ್ಕಲ ಎಂದುಕೊಳ್ಳುತ್ತಾರೆ ಎಂಬ ಸಂಕೋಚ ಬೇಡ.

ಐದು ಎಣಿಸಿ

ಓಡುವ ಮೊದಲು ಕೈಯಿಂದ ಮುಟ್ಟಿ, ಎಳೆದು, ಬಾಯಿಬಿಟ್ಟು ಎಣಿಸಿ:

1. ಬಲ ತೊಡೆಯ ಬೆಲ್ಟ್
2. ಎಡ ತೊಡೆಯ ಬೆಲ್ಟ್
3. ಎದೆಯ ಬೆಲ್ಟ್
4. ನಿಮ್ಮನ್ನು ಗ್ಲೈಡರ್‌ಗೆ ಸೇರಿಸುವ ಬಲಗಡೆಯ ದೊಡ್ಡ ಕೊಂಡಿ, ಬಾಯಿ ಮುಚ್ಚಿ ಲಾಕ್ ಆಗಿರಬೇಕು
5. ಹಾಗೆಯೇ ಎಡಗಡೆಯ ಕೊಂಡಿ

ಕೆಲವು ಹಾರ್ನೆಸ್‌ಗಳಲ್ಲಿ ಬೆಲ್ಟ್‌ಗಳ ಜೋಡಣೆ ಬೇರೆ ಇರುತ್ತದೆ. ಆಗ, ನನ್ನ ಕಾಲನ್ನು ಹಿಡಿಯುವುದು ಯಾವುದು, ತೋರಿಸಿ ಎಂದು ಕೇಳಿ. ಹೆಲ್ಮೆಟ್ ಗಲ್ಲದ ಕೆಳಗೆ ಬಿಗಿಯಾಗಿರಲಿ. ರಿಸರ್ವ್ ಪ್ಯಾರಾಚೂಟ್ ಎಲ್ಲಿದೆ ಎಂದೂ ಕೇಳಿ. ಇಲ್ಲ ಎಂದರೆ ಹಾರಬೇಡಿ.

ಹೋಗುವ ಮುನ್ನ ಇನ್ನೊಂದಿಷ್ಟು

ನೋಂದಣಿ: ಹಿಮಾಚಲದಲ್ಲಿ ಪ್ರವಾಸಿಗರನ್ನು ಹಾರಿಸುವ ಪೈಲಟ್‌ಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಕಡ್ಡಾಯ. ಬುಕಿಂಗ್ ಏಜೆಂಟ್‌ನದ್ದಲ್ಲ, ನಿಮ್ಮನ್ನು ಹಾರಿಸುವ ಪೈಲಟ್‌ನ ಕಾರ್ಡನ್ನು ಕೇಳಿ ನೋಡಿ.

ತೂಕ: ಜೋಡಿ ಗ್ಲೈಡರ್‌ಗೆ ಇಬ್ಬರ ಮತ್ತು ಸಲಕರಣೆಗಳ ಒಟ್ಟು ತೂಕದ ಮಿತಿ ಇರುತ್ತದೆ. ನಾಚಿಕೆಯಿಂದ ಹತ್ತು ಕೆ.ಜಿ. ಕಡಿಮೆ ಹೇಳಬೇಡಿ. ನಿಮ್ಮ ತೂಕ ನೋಡಿಯೇ ಗ್ಲೈಡರ್ ಮತ್ತು ಪೈಲಟ್‌ನನ್ನು ಆರಿಸುತ್ತಾರೆ.

ಬಟ್ಟೆ: 1000 ಮೀಟರ್ ಮೇಲೇರಿದರೆ ಸುಮಾರು 6 ಡಿಗ್ರಿ ಚಳಿ ಹೆಚ್ಚು, ಜೊತೆಗೆ ಮುಖಕ್ಕೆ ಗಾಳಿ. ಜಾಕೆಟ್, ಲೇಸ್ ಇರುವ ಶೂ ಬೇಕು. ಚಪ್ಪಲಿ, ಸೀರೆ, ಇಳಿಬಿಟ್ಟ ದುಪಟ್ಟಾ ಬೇಡ. ಕನ್ನಡಕ ಇದ್ದರೆ ಹಿಂದೆ ದಾರ ಕಟ್ಟಿಕೊಳ್ಳಿ.

ಮೊಬೈಲ್: ಜೇಬಿನಲ್ಲಿಟ್ಟು ಜಿಪ್ ಹಾಕಿ. ನೂರಾರು ಮೀಟರ್ ಎತ್ತರದಿಂದ ಬಿದ್ದ ಫೋನ್ ನಿಮಗೂ ನಷ್ಟ, ಕೆಳಗಿರುವವರಿಗೂ ಅಪಾಯ.

ವಿಮೆ: "ಸಾಹಸ ಕ್ರೀಡೆಯಲ್ಲಿ ಪೆಟ್ಟಾದರೆ ಆರೋಗ್ಯ ವಿಮೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ" ಎಂಬ ಫಾರ್ವರ್ಡ್ ಪೂರ್ತಿ ನಿಜವಲ್ಲ. ಭಾರತದ ಆರೋಗ್ಯ ವಿಮೆಗಳ ಪ್ರಮಾಣಿತ ಷರತ್ತು ಹೊರಗಿಡುವುದು ಸಾಹಸ ಕ್ರೀಡೆಯನ್ನು ವೃತ್ತಿಯಾಗಿ ಮಾಡುವವರ ಚಿಕಿತ್ಸೆಯನ್ನು. ಆದರೆ ಅಪಘಾತ ವಿಮೆ, ಪ್ರವಾಸ ವಿಮೆಗಳ ಷರತ್ತು ಬೇರೆ ಇರಬಹುದು. ಹೊರಡುವ ಮೊದಲು ನಿಮ್ಮ ಪಾಲಿಸಿಯನ್ನು ಓದಿ, ಕಂಪನಿಗೆ ಒಂದು ಇ-ಮೇಲ್ ಹಾಕಿ ಉತ್ತರ ಇಟ್ಟುಕೊಳ್ಳಿ.

ಬೇಡ ಎನ್ನುವುದೂ ಸರಿ

ಬೆಟ್ಟದ ತುದಿಯವರೆಗೆ ಹೋಗಿ, ದುಡ್ಡು ಕಟ್ಟಿ, ಹಾರ್ನೆಸ್ ಹಾಕಿಕೊಂಡ ಮೇಲೂ ಏನೋ ಸರಿಯಿಲ್ಲ ಎನಿಸಿದರೆ ಬೇಡ ಎನ್ನಿ. ಪೈಲಟ್ ಕುಡಿದಂತಿದ್ದರೆ, ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ, ಬೇರೆ ಪೈಲಟ್‌ಗಳೆಲ್ಲ ಗಾಳಿಗೆ ಹೆದರಿ ಕೂತಿರುವಾಗ ಇವನೊಬ್ಬನೇ ಹೊರಟಿದ್ದರೆ, ಜೀಪ್ ಹತ್ತಿ ವಾಪಸ್ ಬನ್ನಿ. ಹೋಗುವುದು ಒಂದಷ್ಟು ದುಡ್ಡು ಮಾತ್ರ.

ಎಲ್ಲವೂ ಸರಿಯಾಗಿದ್ದರೆ, ಐದೂ ಎಣಿಸಿ ಆಗಿದ್ದರೆ, ಭಯವಾದರೂ ಓಡಿ. ಬೇಕಾದರೆ ಮನಾಲಿಯವನಂತೆ ಕಿರುಚಿ, ಅದರಿಂದ ಯಾವ ಅಪಾಯವೂ ಇಲ್ಲ. ಕೆಲವೇ ನಿಮಿಷಗಳಲ್ಲಿ ಎದೆಬಡಿತ ಇಳಿಯುತ್ತದೆ. ಆಮೇಲೆ ಕೇಳುವುದು ದಾರಗಳ ನಡುವೆ ಸುಯ್ಯೆನ್ನುವ ಗಾಳಿಯ ಸದ್ದು ಮಾತ್ರ.

ನಿಮ್ಮ ಮನೆಯ ಮಕ್ಕಳು, ಗೆಳೆಯರು, ಆಫೀಸಿನವರು ಈ ರಜೆಗೆ ಹಿಮಾಚಲಕ್ಕೆ ಹೊರಟಿದ್ದರೆ ನಗಿಸುವ ವಿಡಿಯೋ ಜೊತೆಗೆ ಇದನ್ನೂ ಕಳಿಸಿ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಒಂದೇ ಸಾಲು ಸಾಕು: ಓಡುವ ಮೊದಲು ಎರಡೂ ತೊಡೆ ಮುಟ್ಟಿ ನೋಡಿಕೋ.